ಮೈಸೂರಿನ ರೈಲು ಮ್ಯೂಸಿಯಂಗೆ ಹೊರಟಿದ್ದೀರಾ? ಮನೆಯ ಹಿರಿಯರನ್ನೂ ಹೊರಡಿಸಿ

ಮೈಸೂರಿನ ರೈಲು ಮ್ಯೂಸಿಯಂಗೆ ಮಕ್ಕಳನ್ನು ಕರೆದುಕೊಂಡು ಹೋಗಬೇಕು ಅನ್ನುವವರನ್ನು ನಾನು ಮೊದಲು ಕೇಳುವುದು ಒಂದೇ ಮಾತು: ನಿಮ್ಮ ಮನೆಯಲ್ಲಿ ಕಲ್ಲಿದ್ದಲಿನ ರೈಲಿನಲ್ಲಿ ಓಡಾಡಿದವರು ಯಾರಿದ್ದಾರೆ? ಅಜ್ಜಿಯೋ, ತಾತನೋ, ದೊಡ್ಡಪ್ಪನೋ, ಹಿಂದಿನ ಬೀದಿಯ ನಿವೃತ್ತ ಮೇಷ್ಟ್ರೋ, ಯಾರಾದರೂ ಸರಿ, ಅವರನ್ನು ಹೊರಡಿಸಿ. ಅಲ್ಲಿ ನಿಂತಿರುವ ಇಂಜಿನ್‌ಗಳಿಗೆ ಬೆಂಕಿಯಿಲ್ಲ, ನೀರಿಲ್ಲ, ಸದ್ದಿಲ್ಲ. ಅದನ್ನೆಲ್ಲ ಬಾಯಿಮಾತಿನಲ್ಲಿ ತುಂಬಿಕೊಡುವವರು ಜೊತೆಗಿರಬೇಕು. ಇಲ್ಲದಿದ್ದರೆ ಮಕ್ಕಳು ಪ್ರತಿ ಇಂಜಿನ್ ಮುಂದೆಯೂ ಫೋಟೋ ತೆಗೆಸಿಕೊಂಡು, ಪುಟಾಣಿ ರೈಲಿನಲ್ಲಿ ಒಂದು ಸುತ್ತು ಹೊಡೆದು, ಅರ್ಧ ಗಂಟೆಯಲ್ಲಿ ಹೊರಗೆ ಬಂದಿರುತ್ತಾರೆ.

ನನ್ನ ಮಟ್ಟಿಗೆ ಆ ಹಿರಿಯರು ನಮ್ಮಪ್ಪ. ಮೀಟರ್ ಗೇಜ್ ಕಾಲದಲ್ಲಿ, ಅಂದರೆ ಎರಡು ಹಳಿಗಳ ನಡುವೆ ಒಂದೇ ಮೀಟರ್ ಅಗಲವಿದ್ದ ಕಾಲದಲ್ಲಿ, ಫೈರ್‌ಮನ್ ಆಗಿದ್ದವರು. ಅರಸೀಕೆರೆ ಕಡೆಗೆ, ನಂಜನಗೂಡು–ಚಾಮರಾಜನಗರದ ಕಡೆಗೆ ಹೋಗುವ ಗಾಡಿಗಳಲ್ಲಿ ವರ್ಷಗಟ್ಟಲೆ ಒಲೆಗೆ ಕಲ್ಲಿದ್ದಲು ಎಸೆದವರು. ನನ್ನ ಮಕ್ಕಳು, ಅಣ್ಣನ ಮಕ್ಕಳು, ಅವರ ಸ್ನೇಹಿತರು ಎಲ್ಲರನ್ನೂ ಅವರ ಜೊತೆ ಕರೆದುಕೊಂಡು ಹೋಗಿ ನೋಡಿದ್ದೇನೆ. ಹೇಗೆ ನೋಡಿದರೆ ಮಕ್ಕಳ ತಲೆಯಲ್ಲಿ ಉಳಿಯುತ್ತದೆ ಅನ್ನುವುದು ಹಾಗೆ ಗೊತ್ತಾದದ್ದು.

ಬೆಂಗಳೂರಿನ ಕಡೆಯವರಾದರೆ ದಯವಿಟ್ಟು ಕಾರಿನಲ್ಲಿ ಹೋಗಬೇಡಿ. ರೈಲು ನೋಡಲು ಹೋಗುವವರು ರೈಲಿನಲ್ಲೇ ಹೋಗಬೇಕು. ಬೆಳಗಿನ ಹೊತ್ತು ಮೈಸೂರಿಗೆ ಗಾಡಿಗಳು ಬೇಕಾದಷ್ಟಿವೆ. ಮ್ಯೂಸಿಯಂ ಇರುವುದು ಕೃಷ್ಣರಾಜಸಾಗರ ರಸ್ತೆಯಲ್ಲಿ, ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ಎದುರಿಗೆ. ಮೈಸೂರು ನಿಲ್ದಾಣದಲ್ಲಿ ಇಳಿದು ನಡೆದೇ ಹೋಗಬಹುದು. ಮಂಡಿನೋವಿನವರಿದ್ದರೆ ಮಾತ್ರ ಆಟೋ ಹಿಡಿಯಿರಿ. ಮ್ಯೂಸಿಯಂಗೆ ವಾರದ ರಜೆ ಇರುತ್ತದೆ. ಅದು ಯಾವ ದಿನ, ಟಿಕೆಟ್ ಎಷ್ಟು, ಬಾಗಿಲು ಎಷ್ಟು ಹೊತ್ತಿಗೆ ತೆಗೆಯುತ್ತಾರೆ ಅನ್ನುವುದನ್ನು ಹೊರಡುವ ಹಿಂದಿನ ದಿನ ವಿಚಾರಿಸಿಕೊಳ್ಳಿ. ಇಂಥವೆಲ್ಲ ಆಗಾಗ ಬದಲಾಗುತ್ತವೆ.

ರೈಲಿನಲ್ಲಿ ಹೋಗಿ ಅನ್ನುವುದಕ್ಕೆ ಇನ್ನೊಂದು ಕಾರಣವಿದೆ. ಮ್ಯೂಸಿಯಂ ನೋಡುವುದು ಕೆಂಗೇರಿ ದಾಟುತ್ತಿದ್ದಂತೆಯೇ ಶುರುವಾಗಬೇಕು. ಈ ದಾರಿಯ ಮಣ್ಣಿನ ಕೆಲಸ ನಡೆದದ್ದು ಧಾತು–ಈಶ್ವರ ಸಂವತ್ಸರಗಳ ಮಹಾ ಬರದ ಹೊತ್ತಿನಲ್ಲಿ, ಅಂದರೆ 1876–78ರ ಸುಮಾರಿಗೆ. ಊರೂರೇ ಖಾಲಿಯಾಗುತ್ತಿದ್ದ ಕಾಲ ಅದು. ಹಸಿದ ಜನಕ್ಕೆ ಕೂಲಿ ಸಿಗಲಿ ಎಂದು ಸರ್ಕಾರ ಕೈಗೆತ್ತಿಕೊಂಡ ಬರಪರಿಹಾರದ ಕೆಲಸಗಳಲ್ಲಿ ಬೆಂಗಳೂರು–ಮೈಸೂರು ರೈಲು ದಾರಿಯೂ ಒಂದು. ಒಡೆಯರಿಗೆ ರಾಜ್ಯ ಮರಳಿ ಬಂದ ಮೇಲೆ, ರಂಗಾಚಾರ್ಲು ದಿವಾನರಾಗಿದ್ದಾಗ, 1882ರಲ್ಲಿ ಗಾಡಿ ಮೈಸೂರಿನವರೆಗೂ ಓಡಿತು. ಬಿಡದಿ, ರಾಮನಗರ, ಚನ್ನಪಟ್ಟಣದ ಏರಿಗಳ ಮೇಲೆ ಗಾಡಿ ಓಡುವಾಗ ಮಕ್ಕಳಿಗೆ ಕಿಟಕಿಯಿಂದ ಆ ಏರಿ ತೋರಿಸಿ. ಈ ಮಣ್ಣನ್ನು ಮೊದಲು ಹೊತ್ತು ಹಾಕಿದವರು ಹೊಟ್ಟೆಗಿಲ್ಲದ ಗಂಡಸರು, ಹೆಂಗಸರು ಎಂದು ಹೇಳಿ. ಆಮೇಲೆ ಹಳಿ ಬದಲಾಗಿದೆ, ದಾರಿ ಜೋಡಿಯಾಗಿದೆ, ಮೇಲೆ ವಿದ್ಯುತ್ ತಂತಿ ಬಂದಿದೆ. ಆದರೂ ಆ ಬುಟ್ಟಿ ಮಣ್ಣಿನಿಂದಲೇ ಇದು ಶುರುವಾದದ್ದು. ನಮ್ಮನೆಯ ಹತ್ತು ವರ್ಷದ ಹುಡುಗಿ ಇದನ್ನು ಕೇಳಿದ ಮೇಲೆ ಮದ್ದೂರು ಬರುವವರೆಗೂ ಕಿಟಕಿ ಬಿಟ್ಟು ಅಲ್ಲಾಡಲಿಲ್ಲ. ಮದ್ದೂರಿನಲ್ಲಿ ವಡೆ ಬಂದಾಗಲೇ ಈ ಕಡೆ ತಿರುಗಿದ್ದು.

ಶ್ರೀರಂಗಪಟ್ಟಣದಲ್ಲಿ ಮತ್ತೊಮ್ಮೆ ಎಲ್ಲರನ್ನೂ ಕಿಟಕಿಗೆ ಕರೆಯಿರಿ. ಊರು ದ್ವೀಪವಾದ್ದರಿಂದ ರೈಲು ಕಾವೇರಿಯನ್ನು ಎರಡು ಸಲ ದಾಟುತ್ತದೆ, ನಡುವೆ ಕೋಟೆಯೊಳಗಿಂದಲೇ ಹಾದುಹೋಗುತ್ತದೆ. ದಾರಿಯನ್ನು ಜೋಡಿ ಮಾಡುವಾಗ ಟಿಪ್ಪು ಕಾಲದ ಒಂದು ಮದ್ದುಗುಂಡಿನ ಮನೆ ಅಡ್ಡ ಬಂತು. 2017ರಲ್ಲಿ ಅದನ್ನು ಕೆಡವದೆ, ಇಡೀ ಕಟ್ಟಡವನ್ನೇ ಬುಡಸಮೇತ ಎತ್ತಿ ಪಕ್ಕಕ್ಕೆ ಸರಿಸಿದರು. ಸುಮಾರು ಸಾವಿರ ಟನ್ ತೂಕದ ಕಟ್ಟಡ!

ಚೀಲದಲ್ಲಿ ಏನಿರಬೇಕು? ನೀರು, ಟೋಪಿ, ಹಿರಿಯರಿಗೆ ಒಂದು ಛತ್ರಿ. ಪ್ರದರ್ಶನದ ಬಹುಪಾಲು ಬಯಲಿನಲ್ಲಿದೆ. ಮಧ್ಯಾಹ್ನದ ಹೊತ್ತಿಗೆ ಕಬ್ಬಿಣ ಕೈ ಸುಡುತ್ತದೆ, ಆದ್ದರಿಂದ ಬಾಗಿಲು ತೆಗೆದ ಕೂಡಲೇ ಒಳಗಿರುವುದು ಒಳ್ಳೆಯದು. ಮಕ್ಕಳ ಕಾಲಿಗೆ ಚಪ್ಪಲಿ ಬೇಡ, ಶೂ ಹಾಕಿ; ಜಲ್ಲಿಯ ಮೇಲೆ, ಕಬ್ಬಿಣದ ಮೆಟ್ಟಿಲ ಮೇಲೆ ಚಪ್ಪಲಿ ಜಾರುತ್ತದೆ. ಊಟದ ಡಬ್ಬಿ ತಂದಿದ್ದರೆ ಒಳಗೆ ಎಲ್ಲಿ ಕೂತು ತಿನ್ನಬಹುದು ಎಂದು ಬಾಗಿಲಲ್ಲೇ ಕೇಳಿ.

ಇದೆಲ್ಲದರ ಜೊತೆಗೆ ತಪ್ಪದೆ ಇರಬೇಕಾದದ್ದು ಒಂದು ಅಳತೆ ಟೇಪು. ದರ್ಜಿಯ ಟೇಪಾದರೂ ಆದೀತು, ಬಡಗಿಯ ಉಕ್ಕಿನ ಟೇಪಾದರೆ ಇನ್ನೂ ಅನುಕೂಲ. ಒಳಗೆ ಹೋದ ತಕ್ಷಣ ಮಕ್ಕಳ ಕೈಗೆ ಅದನ್ನು ಕೊಟ್ಟು, ಎರಡು ಹಳಿಗಳ ಒಳ ಅಂಚಿನಿಂದ ಒಳ ಅಂಚಿಗೆ ಅಳೆಯಲು ಹೇಳಿ. ಮೀಟರ್ ಗೇಜ್ ಹಳಿಯಲ್ಲಿ ಸರಿಯಾಗಿ 1000 ಮಿಲಿಮೀಟರ್ ಬರುತ್ತದೆ. ನೀವು ಬೆಂಗಳೂರಿನಿಂದ ಬಂದ ಬ್ರಾಡ್ ಗೇಜ್ ಹಳಿಯ ಅಗಲ 1676. ನಮ್ಮ ನಾಡಿನಲ್ಲಿ ಇನ್ನೂ ಕಿರಿದಾದ ದಾರಿಗಳೂ ಇದ್ದವು. ಚಿಕ್ಕಬಳ್ಳಾಪುರ–ಕೋಲಾರದ ಕಡೆ ಓಡುತ್ತಿದ್ದದ್ದು 762 ಮಿಲಿಮೀಟರಿನ ಹಳಿ, ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಹೋಗುತ್ತಿದ್ದದ್ದು 610ರ ಹಳಿ. 610 ಅಂದರೆ ಬರೀ ಎರಡು ಅಡಿ. ಟೇಪಿನಲ್ಲಿ ಎರಡು ಅಡಿ ಹಿಡಿದು ತೋರಿಸಿದರೆ ಮಕ್ಕಳು ನಂಬುವುದಿಲ್ಲ, ಇಷ್ಟರ ಮೇಲೆ ರೈಲು ಓಡಿತ್ತಾ ಎನ್ನುತ್ತಾರೆ.

ಇಂಗ್ಲಿಷರು ಅಡಿ, ಅಂಗುಲದಲ್ಲಿ ಲೆಕ್ಕ ಹಾಕುತ್ತಿದ್ದವರು. ಅವರು ಒಂದು ಮೀಟರ್ ಅಗಲ ಯಾಕಿಟ್ಟರು ಎಂದು ಜಾಣ ಮಗು ಕೇಳಿಯೇ ಕೇಳುತ್ತದೆ. 1870ರ ಸುಮಾರಿನಲ್ಲಿ ವೈಸ್‌ರಾಯ್ ಮೇಯೋ ಕಾಲದಲ್ಲಿ, ಕಡಿಮೆ ಖರ್ಚಿನ ದಾರಿಗಳಿಗೆ ಎಷ್ಟು ಅಗಲ ಇಡಬೇಕು ಎಂಬ ಚರ್ಚೆ ನಡೆಯಿತು. ಭಾರತಕ್ಕೆ ಮೆಟ್ರಿಕ್ ಅಳತೆ ತರುವ ಯೋಚನೆಯೂ ಆಗ ಇತ್ತು, ಹಾಗಾಗಿ ಒಂದು ಮೀಟರ್ ಎಂದೇ ಗೊತ್ತುಮಾಡಿದರು. ಅದರ ಕಷ್ಟ ಅನುಭವಿಸಿದವರು ನಮ್ಮ ಜನ. ಜೋಲಾರಪೇಟೆ ಕಡೆಯಿಂದ ಬೆಂಗಳೂರಿಗೆ ಬ್ರಾಡ್ ಗೇಜ್, ಬೆಂಗಳೂರಿನಿಂದ ಮೈಸೂರಿಗೆ ಮೀಟರ್ ಗೇಜ್. ಮದ್ರಾಸಿನಿಂದ ಮೈಸೂರಿಗೆ ಬರುವ ಸಾಮಾನೆಲ್ಲ ಬೆಂಗಳೂರಿನಲ್ಲಿ ಒಂದು ವ್ಯಾಗನ್ನಿನಿಂದ ಇಳಿದು ಇನ್ನೊಂದಕ್ಕೆ ಏರಬೇಕು. ಅಷ್ಟನ್ನೂ ಹೊತ್ತದ್ದು ಕೂಲಿಗಳ ತಲೆ, ಹೆಗಲು. ದೇಶಕ್ಕೆಲ್ಲ ಒಂದೇ ಅಗಲದ ಹಳಿ ಇರಲಿ ಎಂಬ ಯೋಜನೆ 1992ರಲ್ಲಿ ಶುರುವಾದದ್ದು ಇದಕ್ಕೇ.

ಇನ್ನು ಇಂಜಿನ್. ಎಲ್ಲವನ್ನೂ ನೋಡಬೇಡಿ. ಒಂದನ್ನು ಆರಿಸಿಕೊಂಡು ಅದರ ಬಳಿಯೇ ಮುಕ್ಕಾಲು ಗಂಟೆ ಕಳೆಯಿರಿ. ನಾವು ಸಾಮಾನ್ಯವಾಗಿ ನಿಲ್ಲುವುದು ಇಎಸ್ 506 ಎಂಬ ಇಂಜಿನ್ ಮುಂದೆ. ಮೊದಲು ಚಕ್ರ ಎಣಿಸಬೇಕು. ಮುಂದಿನಿಂದ ಹಿಂದಕ್ಕೆ, ಒಂದೇ ಪಕ್ಕದಲ್ಲಿ: ಎರಡು ಸಣ್ಣವು, ಮೂರು ದೊಡ್ಡವು, ಕೊನೆಗೆ ಮತ್ತೊಂದು ಸಣ್ಣದು. ಎರಡೂ ಪಕ್ಕ ಸೇರಿಸಿದರೆ 4-6-2. ಪ್ರಪಂಚದ ಯಾವ ಉಗಿ ಇಂಜಿನ್ನನ್ನಾದರೂ ಹೀಗೆ ಗುರುತಿಸಬಹುದು. ಮುಂದಿನ ಸಣ್ಣ ಚಕ್ರಗಳು ತಿರುವಿನಲ್ಲಿ ದಾರಿ ತೋರಿಸುತ್ತವೆ, ನಡುವಿನ ದೊಡ್ಡವು ಎಳೆಯುತ್ತವೆ, ಹಿಂದಿನವು ಒಲೆಯ ಭಾರ ಹೊರುತ್ತವೆ. ಇದೊಂದು ಗೊತ್ತಾದರೆ ಸಾಕು, ಮಕ್ಕಳು ಮಿಕ್ಕ ಇಂಜಿನ್‌ಗಳ ಹತ್ತಿರ ತಾವೇ ಓಡಿಹೋಗಿ ಎಣಿಸಿ ಕೂಗಿ ಹೇಳುತ್ತಾರೆ.

ಆಮೇಲೆ ಹಿಂದಿನಿಂದ ಮುಂದಕ್ಕೆ ನಡೆಯುತ್ತಾ ಬೆಂಕಿಯ ದಾರಿ ಹಿಡಿಯಿರಿ. ಡ್ರೈವರ್ ನಿಲ್ಲುವ ಜಾಗದಲ್ಲಿ ಒಲೆಯ ಬಾಯಿ. ಅಲ್ಲಿನ ಬಿಸಿ ಹೊಗೆ ಬಾಯ್ಲರಿನೊಳಗಿನ ಕೊಳವೆಗಳ ಮೂಲಕ ಮುಂದೆ ಹೋಗುತ್ತದೆ, ಕೊಳವೆಯ ಸುತ್ತ ಇರುವ ನೀರು ಕುದಿಯುತ್ತದೆ. ಉಗಿ ಮೇಲಿನ ಗುಮ್ಮಟದಲ್ಲಿ ಸೇರುತ್ತದೆ. ಡ್ರೈವರ್ ರೆಗ್ಯುಲೇಟರ್ ಎಂಬ ಹಿಡಿ ಎಳೆದರೆ ಅದು ಕೆಳಗೆ ಸಿಲಿಂಡರಿಗೆ ಇಳಿದು ಪಿಸ್ಟನ್ನನ್ನು ಒಮ್ಮೆ ಆ ಕಡೆಗೆ, ಒಮ್ಮೆ ಈ ಕಡೆಗೆ ತಳ್ಳುತ್ತದೆ. ಪಿಸ್ಟನ್ನಿನ ಉದ್ದನೆಯ ಕಬ್ಬಿಣದ ತೋಳು ಚಕ್ರವನ್ನು ತಿರುಗಿಸುತ್ತದೆ. ಕೆಲಸ ಮುಗಿದ ಉಗಿ ಸುಮ್ಮನೆ ಹೊರಗೆ ಹೋಗುವುದಿಲ್ಲ. ಹೊಗೆಗೂಡಿನಲ್ಲಿ ರಭಸದಿಂದ ಮೇಲೇರುವಾಗ ಹೊಗೆಯನ್ನೂ ಎಳೆದುಕೊಂಡು ಹೋಗುತ್ತದೆ, ಆ ಸೆಳೆತಕ್ಕೆ ಹಿಂದೆ ಒಲೆಗೆ ಗಾಳಿ ನುಗ್ಗಿ, ಊದುಕೊಳವೆಯಲ್ಲಿ ಊದಿದ ಹಾಗೆ ಬೆಂಕಿ ಏಳುತ್ತದೆ. ಗಾಡಿ ಜೋರಾಗಿ ಎಳೆದಷ್ಟೂ ಬೆಂಕಿ ಜೋರು. ಚುಕ್ ಚುಕ್ ಅನ್ನುವುದು ಆ ಉಗಿಯ ಸದ್ದೇ. ಎರಡು ಸಿಲಿಂಡರಿನ ಇಂಜಿನ್ನಿನಲ್ಲಿ ಚಕ್ರ ಒಂದು ಸುತ್ತು ಸುತ್ತಿದರೆ ನಾಲ್ಕು ಚುಕ್. ಇದನ್ನು ಮಕ್ಕಳಿಂದಲೇ ಆಡಿಸಿ: ಇಬ್ಬರು ತೋಳು ತಿರುಗಿಸಲಿ, ಇನ್ನಿಬ್ಬರು ಸದ್ದು ಮಾಡಲಿ.

ಹತ್ತಲು ಬಿಡುವ ಇಂಜಿನ್ನಿದ್ದರೆ ಮೇಲೆ ಹೋಗಿ. ಹಿರಿಯರನ್ನು ಹಿಂದಿನಿಂದ ಒಬ್ಬರು ಹಿಡಿದುಕೊಳ್ಳಬೇಕು, ಮೊದಲ ಮೆಟ್ಟಿಲು ಬಹಳ ಎತ್ತರ. ಹತ್ತಬಾರದು ಎಂದು ಬರೆದಿದ್ದರೆ ಕೆಳಗಿನಿಂದಲೇ ನೋಡಿ, ಯಾರನ್ನೂ ಒತ್ತಾಯ ಮಾಡಬೇಡಿ. ನಮ್ಮಪ್ಪ ಅಲ್ಲಿ ಮೊದಲು ತೋರಿಸುವುದು ಒಲೆಯನ್ನಲ್ಲ, ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ಇರುವ ಜಾಗವನ್ನು. “ಮಗಾ, ಮೊದ್ಲು ನೀರು ನೋಡ್ಬೇಕು, ಆಮೇಲೆ ಬೆಂಕಿ” ಅನ್ನುತ್ತಾರೆ. ನೀರಿನ ಮಟ್ಟ ಒಲೆಯ ನೆತ್ತಿಗಿಂತ ಕೆಳಗಿಳಿದರೆ ಅನಾಹುತ. ಅದಕ್ಕೇ ಒಲೆಯ ನೆತ್ತಿಯಲ್ಲಿ ಸೀಸದ ಬಿರಡೆ ಇಟ್ಟಿರುತ್ತಾರೆ. ನೀರು ಕಡಿಮೆಯಾದರೆ ಅದು ಕರಗಿ, ಉಗಿ ಒಲೆಯೊಳಗೆ ನುಗ್ಗಿ ಎಚ್ಚರಿಸುತ್ತದೆ. ಬೆಂಕಿಯ ಮಾತಿಗೆ ಬಂದರೆ ಅಪ್ಪನ ಎರಡೂ ಕೈ ತಾವಾಗಿಯೇ ಸಲಿಕೆ ಹಿಡಿದ ಭಂಗಿಗೆ ಬರುತ್ತವೆ. ಎಡಗಾಲು ಮುಂದೆ, ಸೊಂಟದಿಂದ ತಿರುವು, ಮಣಿಕಟ್ಟಿನ ಒಂದು ಒದರು. ಕಲ್ಲಿದ್ದಲನ್ನು ಗುಡ್ಡೆ ಹಾಕಬಾರದು, ಮೂಲೆಮೂಲೆಗೂ ತೆಳ್ಳಗೆ ಹರಡಬೇಕು. ಹೊಗೆಗೂಡಿನಿಂದ ಕಪ್ಪು ಹೊಗೆ ಬಂದರೆ ಕಲ್ಲಿದ್ದಲು ಪೂರ್ತಿ ಉರಿಯದೆ ದಂಡವಾಗುತ್ತಿದೆ ಎಂದರ್ಥ. ಚಿತ್ರಗಳಲ್ಲಿ ಕಪ್ಪು ಹೊಗೆ ಬಿಡುವ ರೈಲು ಬರೆಯುವ ಮಕ್ಕಳಿಗೆ ಇದು ದೊಡ್ಡ ಸುದ್ದಿ. ಆ ಕೆಲಸಕ್ಕೆ ನಮ್ಮಲ್ಲಿ ಯಾವತ್ತೂ ಸಿಗದ ಮರ್ಯಾದೆ ಅಲ್ಲಿ, ಮೊಮ್ಮಕ್ಕಳ ಕಣ್ಣಿನಲ್ಲಿ ಸಿಗುವುದನ್ನು ನೋಡಿದಾಗ ನನಗೆ ಹೆಮ್ಮೆಯಾಗುತ್ತದೆ.

ಎಲ್ಲರ ಮನೆಯಲ್ಲೂ ಫೈರ್‌ಮನ್ ಇರುವುದಿಲ್ಲ, ನಿಜ. ಪ್ರಯಾಣಿಕರಾಗಿದ್ದವರ ಹತ್ತಿರವೂ ಕೇಳುವುದಕ್ಕೆ ಬೇಕಾದಷ್ಟಿದೆ. “ರೈಲಿನ ಬಗ್ಗೆ ಹೇಳಿ” ಅಂದರೆ ಯಾರೂ ಹೇಳುವುದಿಲ್ಲ. ಚಿಕ್ಕದಾಗಿ ಕೇಳಬೇಕು. ಕಿಟಕಿ ಪಕ್ಕ ಕೂತರೆ ಕಣ್ಣಿಗೆ ಏನು ಬೀಳುತ್ತಿತ್ತು? ರಟ್ಟಿನ ಟಿಕೆಟ್ ಎಲ್ಲಿ ಇಟ್ಟುಕೊಳ್ಳುತ್ತಿದ್ದಿರಿ? ಯಾವ ನಿಲ್ದಾಣದಲ್ಲಿ ಏನು ತಿನ್ನಲು ಸಿಗುತ್ತಿತ್ತು? ಮದುವೆ ದಿಬ್ಬಣ ರೈಲಿನಲ್ಲಿ ಹೋಗಿತ್ತಾ? ನಮ್ಮ ಅತ್ತೆ ಮಾತು ಕಡಿಮೆ. ಆದರೆ ಕಿಟಕಿಯ ಪ್ರಶ್ನೆ ಕೇಳಿದ್ದೇ ತಡ, ಕಲ್ಲಿದ್ದಲಿನ ಕಣ ಕಣ್ಣಿಗೆ ಬಿದ್ದು ಊದಿಕೊಂಡದ್ದು, ಬಿಳಿ ಸೀರೆಯ ಅಂಚೆಲ್ಲ ಚುಕ್ಕಿಚುಕ್ಕಿ ಕಪ್ಪಾದದ್ದು, ಎಲ್ಲ ಹೊರಗೆ ಬಂತು. ಫೋನಿನಲ್ಲಿ ಅದನ್ನು ರೆಕಾರ್ಡ್ ಮಾಡಿಕೊಳ್ಳಿ. ಫೋಟೋಗಿಂತ ಅದು ಮುಖ್ಯ.

ಹೆಂಗಸರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ ಹೆಚ್ಚು ಹಿಡಿಸುವುದು ಮಹಾರಾಣಿಯವರ ಸಲೂನ್, ಅಂದರೆ ಅವರ ಸ್ವಂತ ಪ್ರಯಾಣದ ಬೋಗಿ. 1899ರ ಬೋಗಿ, ಅದಕ್ಕೆ ಅಡುಗೆಮನೆ, ಊಟದ ಕೋಣೆ, ಶೌಚದ ಕೋಣೆ ಎಲ್ಲ ಉಂಟು. ರಕ್ಷಣೆಗೆ ಹಾಕಿದ ಗಾಜಿನ ಮೇಲೆ ಬೆಳಕು ಹೊಳೆದು ಒಳಗಿನದು ಸರಿಯಾಗಿ ಕಾಣದಿದ್ದರೆ, ಎರಡೂ ಅಂಗೈಯನ್ನು ಕಣ್ಣಿನ ಪಕ್ಕ ಮರೆ ಮಾಡಿಕೊಂಡು ನೋಡಿ. ಇಲ್ಲಿ ಮಕ್ಕಳಿಗೆ ಒಂದು ಮಾತು ಹೇಳಲೇಬೇಕು. ಆ ವರ್ಷ ಮೈಸೂರನ್ನು ಆಳುತ್ತಿದ್ದವರು ಮಹಾರಾಣಿಯವರೇ. ಚಾಮರಾಜೇಂದ್ರ ಒಡೆಯರು 1894ರಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡ ಮೇಲೆ, ಮಗ ನಾಲ್ವಡಿ ಕೃಷ್ಣರಾಜರಿಗೆ ವಯಸ್ಸು ಬರುವವರೆಗೆ, 1902ರ ತನಕ, ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು ರೀಜೆಂಟ್ ಆಗಿ ರಾಜ್ಯ ನಡೆಸಿದರು. ವಾಣಿವಿಲಾಸ ಸಾಗರ, ವಾಣಿವಿಲಾಸ ಆಸ್ಪತ್ರೆ ಎಂಬ ಹೆಸರುಗಳೆಲ್ಲ ಅವರವೇ. 1899ರಲ್ಲೇ ತಯಾರಾದ ಮೈಸೂರು ಮಹಾರಾಜರ ಸಲೂನ್ ದೆಹಲಿಯ ಚಾಣಕ್ಯಪುರಿಯಲ್ಲಿರುವ ರಾಷ್ಟ್ರೀಯ ರೈಲು ಮ್ಯೂಸಿಯಂನಲ್ಲಿದೆ. ದೆಹಲಿಯದು ತೆರೆದದ್ದು 1977ರಲ್ಲಿ, ನಮ್ಮದು 1979ರಲ್ಲಿ. ಎಂದಾದರೂ ದೆಹಲಿಗೆ ಹೋದರೆ ಜೋಡಿ ಬೋಗಿಯನ್ನೂ ನೋಡಿ ಬನ್ನಿ.

ಸಿಗ್ನಲ್ ಕಂಬದ ಮುಂದೆ ಹತ್ತು ನಿಮಿಷ ಸಾಕು, ಆದರೆ ಆ ಹತ್ತು ನಿಮಿಷ ಬಿಡಬೇಡಿ. ಕಂಬದ ಮೇಲಿನ ಪಟ್ಟಿಗೆ ಕೈ ಎನ್ನುತ್ತಾರೆ. ಕೈ ಅಡ್ಡವಾಗಿದ್ದರೆ ನಿಲ್ಲು, ಇಳಿದಿದ್ದರೆ ಹೋಗು. ದೂರದ ಸ್ಟೇಷನ್ ಮನೆಯಿಂದ ತಂತಿಯಲ್ಲಿ ಎಳೆದು ಕೈಯನ್ನು ಇಳಿಸುತ್ತಿದ್ದರು. ತಂತಿ ಹರಿದುಹೋದರೆ? ಕಂಬದಲ್ಲಿರುವ ಭಾರದ ಗುಂಡು ತಾನೇ ಕೈಯನ್ನು ಅಡ್ಡಕ್ಕೆ ತರುತ್ತದೆ, ಅಂದರೆ ಕೆಟ್ಟಾಗ ರೈಲು ನಿಲ್ಲುತ್ತದೆಯೇ ಹೊರತು ನುಗ್ಗುವುದಿಲ್ಲ. ಇನ್ನು ರಾತ್ರಿ ದೀಪದ ಮುಂದೆ ಬರುವ ಗಾಜನ್ನು ಹತ್ತಿರದಿಂದ ನೋಡಿ. ಹಸಿರು ಇರಬೇಕಾದ ಕಡೆ ನೀಲಿ ಛಾಯೆಯ ಗಾಜು ಇರುತ್ತದೆ. ಹಿಂದೆ ಉರಿಯುತ್ತಿದ್ದದ್ದು ಸೀಮೆಎಣ್ಣೆ ದೀಪ, ಅದರ ಹಳದಿ ಬೆಳಕು ಈ ಗಾಜಿನಿಂದ ಹಾದು ಡ್ರೈವರಿನ ಕಣ್ಣಿಗೆ ಹಸಿರಾಗಿ ಕಾಣುತ್ತಿತ್ತು.

ಒಂಟಿ ಹಳಿಯ ದಾರಿಯಲ್ಲಿ ಎರಡು ಗಾಡಿ ಎದುರುಬದುರು ಬರದಂತೆ ನೋಡಿಕೊಳ್ಳುತ್ತಿದ್ದದ್ದು ಟೋಕನ್ ಎಂಬ ಅನುಮತಿಯ ಗುರುತು. ಮುಂದಿನ ಸ್ಟೇಷನ್ನಿನವರು ಒಪ್ಪಿದರೆ ಮಾತ್ರ ಪೆಟ್ಟಿಗೆಯಿಂದ ಅದು ಹೊರಬರುತ್ತದೆ, ಅದು ಕೈಯಲ್ಲಿಲ್ಲದೆ ಡ್ರೈವರ್ ಹೊರಡುವಂತಿಲ್ಲ. ನಿಲ್ಲದೆ ಹೋಗುವ ಗಾಡಿಗೆ ಅದನ್ನು ಚೀಲದಲ್ಲಿ ಹಾಕಿ, ದೊಡ್ಡ ಬೆತ್ತದ ಬಳೆಗೆ ಕಟ್ಟಿ, ಪ್ಲಾಟ್‌ಫಾರ್ಮಿನಲ್ಲಿ ಪಾಯಿಂಟ್ಸ್‌ಮನ್ ಎತ್ತಿ ಹಿಡಿದಿರುತ್ತಿದ್ದ. ಓಡುವ ಇಂಜಿನ್ನಿನಿಂದ ಬಾಗಿ, ತೋಳು ತೂರಿಸಿ ಅದನ್ನು ಹಿಡಿಯುತ್ತಿದ್ದವರು ಅಪ್ಪ. ಮಳೆಗಾಲದ ರಾತ್ರಿಗಳಲ್ಲಿ ಎಡಗೈ ಮೇಲೆ ಬರೆ ಬರುತ್ತಿತ್ತಂತೆ. ತಲೆಗೆ ಕಟ್ಟುವ ವಸ್ತ್ರವನ್ನು ಮಡಿಸಿ ಬಳೆಯಷ್ಟು ಅಗಲಕ್ಕೆ ಕಟ್ಟಿಕೊಂಡು, ಮಕ್ಕಳಿಗೆ ಇದನ್ನು ಅಲ್ಲೇ ಆಡಿಸಬಹುದು. ಒಬ್ಬರು ಹಿಡಿದು ನಿಲ್ಲಬೇಕು, ಇನ್ನೊಬ್ಬರು ಓಡಿಬಂದು ತೋಳು ತೂರಿಸಬೇಕು. ಹುಲ್ಲಿನ ಕಡೆ ಆಡಿಸಿ, ಹಳಿಯ ಹತ್ತಿರ ಬೇಡ.

ಪುಟ್ಟ ಮಕ್ಕಳಿದ್ದರೆ ಪುಟಾಣಿ ರೈಲನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲೇ ಹತ್ತಿಸಿದರೆ ಮತ್ತೆ ಮತ್ತೆ ಅದನ್ನೇ ಕೇಳುತ್ತಾರೆ, ಬೇರೇನನ್ನೂ ನೋಡಲು ಬಿಡುವುದಿಲ್ಲ. ಹಳಿಯ ಮೇಲೆ ಓಡಲು ಹೊಂದಿಸಿದ ಆಸ್ಟಿನ್ ಮೋಟಾರು ಕಾರನ್ನು ಮ್ಯೂಸಿಯಂನೊಳಗಿನ ಚಾಮುಂಡಿ ಗ್ಯಾಲರಿಯ ಫೋಟೋಗಳಿಗಿಂತ ಮೊದಲು ತೋರಿಸಿ, ಅದಕ್ಕೆ ಯಾವ ವಯಸ್ಸಿನವರೂ ಸೋಲುತ್ತಾರೆ. ಗ್ಯಾಲರಿಯನ್ನು ಬಿಸಿಲೇರಿದ ಮೇಲೆ ನೆರಳಿಗೆಂದು ಇಟ್ಟುಕೊಳ್ಳಬಹುದು.

ಅದೇ ದಿನ ಅರಮನೆ, ಮೃಗಾಲಯ ಎರಡನ್ನೂ ಸೇರಿಸಿಕೊಳ್ಳಬೇಡಿ. ತಾತ ಸುಸ್ತಾಗುತ್ತಾರೆ, ಮಕ್ಕಳಿಗೆ ಹುಲಿ ನೋಡಿದ ಮೇಲೆ ಇಂಜಿನ್ ಮರೆತುಹೋಗುತ್ತದೆ. ಸಮಯ ಉಳಿದರೆ ನಂಜನಗೂಡಿಗೆ ಹೋಗಿ ಬನ್ನಿ. ಕಪಿಲೆಯ ಮೇಲೆ 1735ರಲ್ಲಿ ಕಟ್ಟಿದ ಹಳೆಯ ಸೇತುವೆ ಇದೆ. ಮೀಟರ್ ಗೇಜ್ ಇದ್ದಷ್ಟು ದಿನವೂ ಅದೇ ಸೇತುವೆಯ ಮೇಲೆ ರೈಲೂ ಹೋಗುತ್ತಿತ್ತು, ಪಕ್ಕದಲ್ಲೇ ರಸ್ತೆಯೂ ಇತ್ತು. ಇಂಜಿನ್ನಿನಿಂದ ಕೈ ಚಾಚಿದರೆ ಎತ್ತಿನಗಾಡಿಯ ಹುಲ್ಲು ಸಿಗುತ್ತಿತ್ತು ಎಂದು ಅಪ್ಪ ಹೇಳುತ್ತಾರೆ.

ಹುಬ್ಬಳ್ಳಿ, ಧಾರವಾಡ, ಗದಗದ ಕಡೆಯವರು ಇಷ್ಟು ದೂರ ಬರಬೇಕಿಲ್ಲ. ಹುಬ್ಬಳ್ಳಿಯಲ್ಲೇ 2020ರಲ್ಲಿ ರೈಲು ಮ್ಯೂಸಿಯಂ ತೆರೆದಿದ್ದಾರೆ. ಟೇಪು, ಚಕ್ರದ ಲೆಕ್ಕ, ಹಿರಿಯರಿಗೆ ಕೇಳುವ ಪ್ರಶ್ನೆ ಅಲ್ಲಿಗೂ ಇವೇ.

ಇಷ್ಟೆಲ್ಲ ನೋಡಿದ ಮಗು “ಬೆಂಕಿ ಇರೋ ಇಂಜಿನ್ ಎಲ್ಲಿದೆ?” ಅಂತ ಕೇಳಿದರೆ ಉತ್ತರ ಇದೆ. ದೇಶದ ಮಾಮೂಲಿ ದಾರಿಗಳಿಗೆ ಹೊಸ ಉಗಿ ಇಂಜಿನ್ ತಯಾರಾಗುವುದು 1972ಕ್ಕೇ ನಿಂತಿತು, ಆದರೆ ನೀಲಗಿರಿಯಲ್ಲಿ ಅವು ಇನ್ನೂ ಗಾಡಿ ಎಳೆಯುತ್ತವೆ. ಯುನೆಸ್ಕೊ 2005ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ದಾರಿ ಅದು, ಅದೇ ಒಂದು ಮೀಟರಿನ ಹಳಿ, ಕಡಿದಾದ ಏರಿನಲ್ಲಿ ನಡುವೆ ಹಲ್ಲಿನ ಪಟ್ಟಿ. ಊಟಿಯಿಂದ ಕೂನೂರಿನವರೆಗೆ ಡೀಸೆಲ್ ಎಳೆಯುತ್ತದೆ. ಉಗಿ ಬೇಕೆಂದರೆ ಕೂನೂರು–ಮೆಟ್ಟುಪಾಳಯಂ ನಡುವೆಯೇ ಹತ್ತಬೇಕು. ರಜಾದಿನಗಳಲ್ಲಿ ಸೀಟು ಸಿಗುವುದು ಕಷ್ಟ, ಮೊದಲೇ ಕಾದಿರಿಸಿ. ತಾತನಿಗೆ ಕಿಟಕಿ ಪಕ್ಕದ ಸೀಟು ಕೊಡಿಸಿ.